ಹಗುರ ನಳಿಗೆ (ಮಲೆನಾಡಿನ ಕೋವಿ)

ನಳಿಗೆ: ಗುಂಡು, ಚರೆಗಳಿಗೆ ವೇಗವನ್ನೂ ದಿಕ್ಕನ್ನೂ ಕೊಡುವ ಕೋವಿಯ ಉಕ್ಕಿನ ಕೊಳವೆ. ಕೋವಿಯ ಭಾರದಲ್ಲಿ ದೊಡ್ಡ ಪಾಲು ಇದರದ್ದೇ. ಹಾಗಾಗಿ ಕೋವಿ ಹಗುರಾಗಬೇಕು ಎನ್ನುವವರ ಕಣ್ಣು ಮೊದಲು ಬೀಳುವುದೂ ಇದರ ಮೇಲೆಯೇ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ ಅಡಿಕೆ ತೋಟ, ಗದ್ದೆ ಇರುವ ಮನೆಗಳಿಗೆ ಇದು ಹಳೆಯ ವಿಷಯ. ರಾತ್ರಿ ಗದ್ದೆ ಕಾಯಲು ಹೊರಟವನಿಗೆ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೋವಿ. ಕಾಲಡಿಯಲ್ಲಿ ಜಾರುವ ಅಂಚು. ಅರ್ಧ ಕಿಲೋ ಹೆಚ್ಚು ಕಡಿಮೆಯಾದರೂ ಹೆಗಲಿಗೆ ಗೊತ್ತಾಗುತ್ತದೆ.

ಈ ಕೋವಿಯ ಬದುಕನ್ನು ಬರಹಕ್ಕಿಳಿಸಿದ ಕುವೆಂಪು ಹುಟ್ಟಿದ ಊರು ಇದೇ ಕೊಪ್ಪ ತಾಲೂಕಿನ ಹಿರೇಕೊಡಿಗೆ. 1904ರ ಡಿಸೆಂಬರ್ 29ರಂದು ಅವರು ಜನಿಸಿದ್ದು ಇಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ಕಡೆಯ ಕುಪ್ಪಳಿಯಲ್ಲಿ. ಈ ಸೀಮೆಯ ಬೇಟೆಯ ಬದುಕು ಅವರ ‘ಮಲೆನಾಡಿನ ಚಿತ್ರಗಳು’ ಮತ್ತು ‘ಕಾನೂರು ಹೆಗ್ಗಡಿತಿ’ (1936) ಪುಸ್ತಕಗಳಲ್ಲಿ ತುಂಬಿಕೊಂಡಿದೆ. ಬೇಟೆಗೆ ಈಗ ಕಾನೂನಿನ ಒಪ್ಪಿಗೆ ಇಲ್ಲ. ಅದರ ಮಾತುಗಳು ಮಾತ್ರ ಉಳಿದಿವೆ: ತುಂಬಿದ ಮದ್ದುಗುಂಡಿಗೂ ಹೊಡೆದ ಹೊಡೆತಕ್ಕೂ ಈಡು, ಸಣ್ಣ ಸೀಸದ ಕಾಳಿಗೆ ಚರೆ, ಮದ್ದು ಗಿಡಿಯುವ ಕೋಲಿಗೆ ಗಜ, ಬಡಿದರೆ ಕಿಡಿ ಕೊಡುವ ಪುಟ್ಟ ಟೋಪಿಗೆ ಕೇಪು, ಅದರ ಮೇಲೆ ಬಡಿಯುವ ಕೀಲಿಗೆ ಕುದುರೆ.

ಇಲ್ಲಿಯ ಪರವಾನಗಿ ಕೋವಿಗಳು ಮುಖ್ಯವಾಗಿ ಎರಡು ಬಗೆ. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜದಿಂದ ಗಿಡಿದು, ಹಿಂದೆ ಕೇಪು ಇಟ್ಟು ಹೊಡೆಯುವುದು ಕೇಪಿನ ಕೋವಿ. ಹಿಂಬದಿಯಿಂದ ಮಡಚಿ ತೋಟಾ ಹಾಕುವುದು ತೋಟಾ ಕೋವಿ. ಲೈಸೆನ್ಸ್ ಪುಸ್ತಕದಲ್ಲಿ ಎಸ್.ಬಿ.ಎಂ.ಎಲ್. ಎಂದಿದ್ದರೆ ಒಂಟಿ ನಳಿಗೆಯ ಕೇಪಿನ ಕೋವಿ, ಡಿ.ಬಿ.ಬಿ.ಎಲ್. ಎಂದಿದ್ದರೆ ಜೋಡುನಳಿಗೆಯ ತೋಟಾ ಕೋವಿ. ಎರಡರ ನಳಿಗೆಯೂ ಒಳಗೆ ನುಣುಪು. ರೈಫಲ್ಲಿನ ನಳಿಗೆಯೊಳಗೆ ತಿರುಪಿನಂತೆ ತೋಡುಗಳಿದ್ದು, ಅವು ಗುಂಡನ್ನು ಬುಗುರಿಯಂತೆ ಸುತ್ತಿಸಿ ನೇರಕ್ಕೆ ಕಳಿಸುತ್ತವೆ.

ನಳಿಗೆಯ ವಿಚಾರದಲ್ಲಿ ಕಾನೂನಿನ ಮಾತು ಅಂಗುಲದಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನ ಪ್ರಕಾರ, ರಕ್ಷಣೆಗೋ ಕ್ರೀಡೆಗೋ ಕೇಳುವ ನುಣುಪು ನಳಿಗೆಯ ಕೋವಿಯ ನಳಿಗೆ 20 ಅಂಗುಲಕ್ಕೆ, ಅಂದರೆ ಸುಮಾರು 51 ಸೆಂಟಿಮೀಟರಿಗೆ, ಕಡಿಮೆ ಇರಬಾರದು. ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಯನ್ನು ಕೊಡಬಹುದು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಕೋವಿ. ಇದೇ ಕಾಯ್ದೆಯ 6ನೇ ಕಲಮು ಪರವಾನಗಿ ಇಲ್ಲದೆ ನಳಿಗೆ ಕತ್ತರಿಸುವುದನ್ನು ಅಪರಾಧ ಎನ್ನುತ್ತದೆ. ಬಟ್ಟೆಯೊಳಗೆ ಅಡಗಿಸಬಹುದಾದ ಗಿಡ್ಡ ಕೋವಿ ಯಾರ ಬೆಳೆಯನ್ನೂ ಕಾಯಲು ಹುಟ್ಟಿದ್ದಲ್ಲ ಎಂಬುದು ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. ಸೆಮಿ ಆಟೊಮ್ಯಾಟಿಕ್ ರೈಫಲ್ಲಂತೂ ಶಸ್ತ್ರಾಸ್ತ್ರ ನಿಯಮಗಳ ಮೊದಲ ವರ್ಗದಲ್ಲಿದೆ, ಸಾಮಾನ್ಯ ನಾಗರಿಕರ ಕೈಗೆ ಬರುವಂಥದ್ದಲ್ಲ. ಸೇನೆಯ .303 ಮತ್ತು 7.62 ಮಿ.ಮೀ. ತೋಟಾ ಹಿಡಿಸುವ ರೈಫಲ್ಲುಗಳಿಗೂ ಇದೇ ಕಟ್ಟು. ರೈಫಲ್ಲಿನ ಪರವಾನಗಿ ಇದ್ದವರು ಇಚ್ಛಾಪುರದ ಸರ್ಕಾರಿ ಕಾರ್ಖಾನೆಯ .315 ಬೋರಿನ ಬೋಲ್ಟ್ ರೈಫಲ್ಲಿಗೆ ಹೋಗುವುದು ಇದೇ ಕಾರಣಕ್ಕೆ.

ಕೊಡಗಿನ ಕಥೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಹಕ್ಕಿನ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಕೊಪ್ಪದವರಿಗೆ ಆ ಭಾಗ್ಯವಿಲ್ಲ.

ಭಾರದ ಲೆಕ್ಕ

ನಳಿಗೆಯ ಭಾರ ಅದರ ಹೊರಸುತ್ತಿನಲ್ಲಿದೆ. 5.6 ಮಿ.ಮೀ. ತೂತಿನ, 50 ಸೆಂ.ಮೀ. ಉದ್ದದ ಒಂದು ರೈಫಲ್ ನಳಿಗೆಯನ್ನು ಉದಾಹರಣೆಗೆ ತೆಗೆದುಕೊಂಡರೆ, ಹೊರವ್ಯಾಸ ಉದ್ದಕ್ಕೂ 18 ಮಿ.ಮೀ. ಇದ್ದಾಗ ಉಕ್ಕಿನ ತೂಕ ಸುಮಾರು 900 ಗ್ರಾಂ. ವ್ಯಾಸ 24 ಮಿ.ಮೀ. ಆದರೆ ಹತ್ತಿರ ಹತ್ತಿರ 1,700 ಗ್ರಾಂ. ಬರೀ 6 ಮಿಲಿಮೀಟರಿಗೆ ಮುಕ್ಕಾಲು ಕಿಲೋ! ಆದರೆ ದಪ್ಪ ನಳಿಗೆ ಬಾಗದೆ ನಿಲ್ಲುವ ಬಿಗುವಿನಲ್ಲಿ ತೆಳ್ಳನೆಯದಕ್ಕಿಂತ ಮೂರು ಪಟ್ಟಿಗೂ ಮೇಲು, ಯಾಕೆಂದರೆ ಬಿಗುವು ವ್ಯಾಸದ ನಾಲ್ಕನೆಯ ಘಾತದಲ್ಲಿ ಏರುತ್ತದೆ. ದಪ್ಪದ್ದು ನಿಧಾನವಾಗಿ ಕಾಯುತ್ತದೆ. ತೆಳ್ಳನೆಯದು ಬೇಗ ಕಾದು, ಸಾಲಾಗಿ ಹೊಡೆದಾಗ ಗುಂಡು ಬೀಳುವ ಜಾಗ ಸರಿಯುತ್ತ ಹೋಗುತ್ತದೆ. ಗುರಿಪಂದ್ಯದವರು ಭಾರದ ನಳಿಗೆ ಬಿಡದಿರುವುದು ಇದಕ್ಕೆ.

ಸೇನೆಗಳೂ ಈ ತಕ್ಕಡಿಯಲ್ಲಿ ಅತ್ತಿತ್ತ ತೂಗಿವೆ. ಅಮೆರಿಕದ ಎಂ-16 ರೈಫಲ್ ತೆಳುವಾದ ನಳಿಗೆಯಿಂದ ಶುರುವಾಯಿತು. 1980ರ ದಶಕದ ಎಂ16ಎ2 ಮಾದರಿಯಲ್ಲಿ ನಳಿಗೆಯ ಮುಂಭಾಗವನ್ನು ದಪ್ಪ ಮಾಡಿದರು, ಕೈಹಿಡಿಯ ಅಡಿಯ ಭಾಗ ತೆಳುವಾಗಿಯೇ ಉಳಿಯಿತು. ನಮ್ಮ ಇಚ್ಛಾಪುರದ 1ಎ1, ಅಂದರೆ ಜನ ಎಸ್.ಎಲ್.ಆರ್. ಎಂದು ಕರೆಯುವ ಸೆಮಿ ಆಟೊಮ್ಯಾಟಿಕ್ ರೈಫಲ್, ನಾಲ್ಕು ಕಿಲೋಗಿಂತ ಭಾರ. 2005ರ ಆಸುಪಾಸಿನಲ್ಲಿ ಶೃಂಗೇರಿ, ಕೊಪ್ಪದ ಕಾಡುಗಳಲ್ಲಿ ನಕ್ಸಲ್ ನಿಗ್ರಹ ಪಡೆಯ ಗಸ್ತು ಶುರುವಾದ ಮೇಲೆ ಇಂಥ ಪೊಲೀಸ್ ರೈಫಲ್ಲುಗಳು ಇಲ್ಲಿಯ ಜನರ ಕಣ್ಣಿಗೂ ಬಿದ್ದವು.

ಗದ್ದೆ ಕಾಯುವವನ ಲೆಕ್ಕ ಮಾತ್ರ ಇವರಾರದೂ ಅಲ್ಲ. ಕೇಪಿನ ಕೋವಿಯಲ್ಲಿ ಒಂದು ಈಡು ಹೊಡೆದು ಇನ್ನೊಂದನ್ನು ತುಂಬುವಷ್ಟರಲ್ಲಿ ಬೆಳೆಗೆ ಬಂದ ಕಾಡುಹಂದಿ ಹಳು (ದಟ್ಟ ಪೊದೆ) ದಾಟಿರುತ್ತದೆ, ನಳಿಗೆ ತಣ್ಣಗಾಗಿರುತ್ತದೆ. ಕಾವಿನ ಸಲುವಾಗಿ ಉಕ್ಕು ಹೊರುವ ಅಗತ್ಯ ಇವನಿಗಿಲ್ಲ. ಹಳುವಿನಲ್ಲಿ ಕಣ್ಣು ಹೋಗುವುದೇ ಇಪ್ಪತ್ತು ಮೂವತ್ತು ಗಜ, ಆದ್ದರಿಂದ ಕೂದಲೆಳೆಯ ಗುರಿಯೂ ಬೇಡ. ಅಷ್ಟರ ಮಟ್ಟಿಗೆ ಹಗುರ ನಳಿಗೆಯ ಪರವಾದ ವಾದ ಮಲೆನಾಡಿನಲ್ಲಿ ಗಟ್ಟಿ. ಅದಕ್ಕೆ ಎದುರು ನಿಲ್ಲುವುದು ಎರಡು: ಹೆಗಲಿಗೆ ಬೀಳುವ ಒದೆತ ಮತ್ತು ಮಳೆ.

ಕೋವಿ ಹಗುರಾದಷ್ಟೂ ಒದೆತ ಜೋರು. ಅದೇ ತೋಟಾವನ್ನು 3 ಕಿಲೋ ಕೋವಿಯ ಬದಲು 2.5 ಕಿಲೋದ್ದರಲ್ಲಿ ಹೊಡೆದರೆ ಹಿಂದೊದೆಯುವ ಶಕ್ತಿ 20 ಶೇಕಡ ಏರುತ್ತದೆ. ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ ಇದಕ್ಕೊಂದು ಸುಲಭದ ಅಳತೆ ಹೇಳಿದ್ದ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. 12 ಬೋರಿನಲ್ಲಿ ಬಳಕೆಯ 32 ಗ್ರಾಂ ಚರೆಗೆ ಇದು ಸುಮಾರು 3 ಕಿಲೋ ಆಗುತ್ತದೆ. ನೂರು ವರ್ಷ ದಾಟಿದ ಈ ಅಳತೆ ಇಂದಿಗೂ ಕೆಡದೆ ನಿಂತಿದೆ. (12 ಬೋರು ಎಂದರೆ ಒಂದು ಪೌಂಡು ಸೀಸದಿಂದ ನಳಿಗೆಯ ತೂತಿಗೆ ಸರಿಯಾದ 12 ಗುಂಡು ಎರೆಯಬಹುದು ಎಂದರ್ಥ, ತೂತಿನ ವ್ಯಾಸ 18.5 ಮಿ.ಮೀ. ಬೋರಿನ ಸಂಖ್ಯೆ ಏರಿದಂತೆ ತೂತು ಸಣ್ಣದಾಗುವ ವಿಚಿತ್ರ ಇಲ್ಲಿಂದ ಬಂದದ್ದು.)

ಹಗುರ ಮಾಡಲು ಬಾಯಿಯ ಕಡೆಯಿಂದ ನಾಲ್ಕು ಅಂಗುಲ ತೆಗೆಸಿದರಾಯಿತು ಎಂಬ ಯೋಚನೆ ಹಲವರಿಗೆ ಬರುತ್ತದೆ. ಅಪರಾಧ ಎಂಬುದನ್ನು ಬದಿಗಿಟ್ಟರೂ ಇದು ದಡ್ಡತನ. ಮದ್ದು ಉರಿದಾಗ ಒತ್ತಡ ಹೆಚ್ಚಿರುವುದು ಹಿಂಬದಿಯಲ್ಲಿ. ಅದಕ್ಕೇ ನಳಿಗೆ ಅಲ್ಲಿ ದಪ್ಪ, ಬಾಯಿಗೆ ಬರುಬರುತ್ತ ತೆಳು. ತುದಿ ಕತ್ತರಿಸಿದರೆ ಇಳಿಯುವ ತೂಕ ಸ್ವಲ್ಪವೇ, ಹೋಗುವುದು ಮಾತ್ರ ಚೋಕು. ತೋಟಾ ಕೋವಿಯ ಬಾಯಿ ಹತ್ತಿರ ತೂತನ್ನು ಕೊಂಚ ಕಿರಿದು ಮಾಡಿರುತ್ತಾರೆ; ಇದು ಚರೆ ಚೆದುರದಂತೆ ಹಿಡಿಯುತ್ತದೆ. ಪೂರ್ತಿ ಚೋಕಿನ ನಳಿಗೆ 40 ಗಜ ದೂರದ 30 ಅಂಗುಲ ವೃತ್ತದಲ್ಲಿ 70 ಶೇಕಡ ಚರೆ ಬೀಳಿಸಿದರೆ, ಚೋಕಿಲ್ಲದ್ದು 40 ಶೇಕಡದ ಆಸುಪಾಸು. ಹಾಗೆಂದು ಉದ್ದ ನಳಿಗೆಯೇ ಮೇಲೆಂದಲ್ಲ. ಈಗಿನ ತೋಟಾದ ಮದ್ದು ಬೇಗ ಉರಿದು ಮುಗಿಯುವುದರಿಂದ ಕೊನೆಯ ಅಂಗುಲಗಳಿಂದ ವೇಗ ಹೆಚ್ಚುವುದು ಅತ್ಯಲ್ಪ. 26 ಅಂಗುಲದ ನಳಿಗೆಯಾಗಿಯೇ ತಯಾರಾಗಿ ಬಂದ ಕೋವಿ ಹಳುವಿನಲ್ಲಿ 30ರದ್ದಕ್ಕಿಂತ ಸಲೀಸು, ಬಿದಿರಿಗೆ ಬಳ್ಳಿಗೆ ಸಿಕ್ಕದು.

ಮಳೆ ಮತ್ತು ತುಕ್ಕು

ಮಲೆನಾಡಿನಲ್ಲಿ ನಳಿಗೆಯನ್ನು ತಿನ್ನುವುದು ಬಳಕೆಗಿಂತ ಹೆಚ್ಚಾಗಿ ಮಳೆಗಾಲ. ಕೇಪಿನ ಕೋವಿಯ ಕರಿಮದ್ದು ಉರಿದ ಮೇಲೆ ಉಳಿಯುವ ಕಿಟ್ಟ ಗಾಳಿಯ ತೇವವನ್ನು ಹೀರುತ್ತದೆ. ತೊಳೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಒಳಗೆ ತುಕ್ಕು ಹಿಡಿದು, ಆಮೇಲೆ ಸಣ್ಣ ಸಣ್ಣ ಕುಳಿಗಳಾಗುತ್ತವೆ. ದಪ್ಪ ನಳಿಗೆ ಈ ಕುಳಿಯನ್ನು ವರ್ಷಗಟ್ಟಲೆ ತಾಳಿಕೊಂಡೀತು. ತೆಳ್ಳನೆಯದರಲ್ಲಿ ಒಂದು ಕುಳಿಯೂ ಅಪಾಯ. ಈಡಾದ ದಿನವೇ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಟ್ಟೆ ಎಳೆಯುವುದು ಹಗುರ ನಳಿಗೆ ಬಯಸುವವನು ತೆರಬೇಕಾದ ಬೆಲೆ. ಅದಕ್ಕೆ ಸೋಮಾರಿತನವಿದ್ದವನು ಭಾರದ್ದನ್ನೇ ಹೊರುವುದು ಲೇಸು.

ಹಳೆಯ ಮನೆಗಳಲ್ಲಿರುವ ಕೆಲವು ಕೋವಿಗಳ ನಳಿಗೆಯ ಮೇಲೆ ನೀರಲೆಯಂಥ ಗೆರೆಗಳು ಕಾಣುತ್ತವೆ. ಅವು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗಳು. ನೋಡಲು ಚೆಂದ, ಹಗುರವೂ ಹೌದು. ಕರಿಮದ್ದಿನ ಕಾಲಕ್ಕೆ ಮಾಡಿದವು. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ಸಿಡಿದು ಕೈ ಹೋಗಬಹುದು. ಗೋಡೆಯ ಮೇಲಿರುವುದೇ ಅವುಗಳಿಗೆ ಮರ್ಯಾದೆ. ಬಾಯಲ್ಲಿ ಮಣ್ಣು ಕಟ್ಟಿದ ನಳಿಗೆ, ಒಂದು ಈಡು ಒಳಗಿರುವುದು ಮರೆತು ಮೇಲೆ ಇನ್ನೊಂದು ಗಿಡಿದ ನಳಿಗೆ ಕೂಡ ಸಿಡಿಯುತ್ತವೆ. ಗಜವನ್ನು ಒಳಗಿಳಿಸಿ ಎಷ್ಟು ಹೊರಗುಳಿಯಿತು ಎಂದು ನೋಡಿದರೆ ಈಡಿದೆಯೋ ಇಲ್ಲವೋ ತಿಳಿಯುತ್ತದೆ.

ಕೋವಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿ ಹೊಡೆಯಲು ಅನುಮತಿ ಸಿಕ್ಕಂತಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ಕೋವಿಗೆ ಹೆಚ್ಚಾಗಿ ಉಳಿದಿರುವ ಕೆಲಸ ಸದ್ದು ಮಾಡಿ ಬೆದರಿಸುವುದು, ಅದಕ್ಕೆ ಎಷ್ಟು ಹಗುರ ನಳಿಗೆಯಾದರೂ ಸಾಕು. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಹೊರಡುತ್ತದೆ. ಬೆಳೆ ಕಾಯುವವರು ಪ್ರತಿ ಸಲವೂ ಗೊಣಗುತ್ತಾರೆ, ಹಂದಿಗೆ ನೀತಿಸಂಹಿತೆ ಇಲ್ಲವಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದಿವೆ, ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ನಳಿಗೆಯ ರಿಪೇರಿಯನ್ನು ಪರವಾನಗಿ ಇರುವ ಕೋವಿ ಅಂಗಡಿಯಲ್ಲೇ ಮಾಡಿಸಬೇಕು. ದೂರು ಭಾರದ ಬಗ್ಗೆಯೇ ಆಗಿದ್ದರೆ ಅಲ್ಲಿಗೆ ಹೋಗುವ ಮುಂಚೆ ಹೆಗಲ ಪಟ್ಟಿಯನ್ನು ಅಗಲದ್ದಕ್ಕೆ ಬದಲಿಸಿ ಒಂದು ಮಳೆಗಾಲ ನೋಡಿ.