ಕಾದ ಭೂಮಿ, ಕಳೆದ ಕೆರೆ

ಜಯನಗರಕ್ಕೆ ಅಡಿಗಲ್ಲು ಬಿದ್ದುದು 1948ರಲ್ಲಿ. ಸುತ್ತ ಹೊಲ, ತೋಪು, ಕೆರೆಗಳಿದ್ದ ಕಾಲ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದರು. ಆಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿದ್ದುದು ಇಂದು 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟು, ಕಾಡು ಕಡಿದ ಫಲವಿದು. ಹಿಮನದಿಗಳು ಕರಗುತ್ತಿವೆ, ಕಡಲು ಏರುತ್ತಿದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರೂ 39.2 ಡಿಗ್ರಿ ಕಂಡಿತು. ಈ ಬೇಗೆಯಲ್ಲಿ ಜಗತ್ತಿನ ಪಾಲಿದೆ; ಕೆರೆ ಮುಚ್ಚಿ ಕಾಂಕ್ರೀಟು ಹಾಸಿದ ನಮ್ಮ ಪಾಲೂ ಇದೆ.

ಪರಿಹಾರವೂ ಎರಡು ಬಗೆಯದು. ಹೊಗೆ ತಗ್ಗಿಸಲು ರಾಷ್ಟ್ರಗಳು 2015ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಿದವು. ಮಾತು ಉಳಿಸಿಕೊಳ್ಳುವುದು ಸರಕಾರಗಳ ಹೊಣೆ. ಕೆರೆ, ಮರಗಳಲ್ಲಿ ನಮ್ಮ ಹೊಣೆಯೂ ಉಂಟು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗಾಗಿ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿದರು. ಒಂದು ಕೆರೆ ಭೂಮಿಯ ಜ್ವರ ಇಳಿಸಲಾರದು. ಬಡಾವಣೆಯ ಕಾವನ್ನು ತಗ್ಗಿಸಬಲ್ಲದು. ಓದುಗರೇ, ನಿಮ್ಮ ಬಡಾವಣೆಯ ಕೆರೆ ಎಲ್ಲಿತ್ತೆಂದು ಹಿರಿಯರನ್ನು ಕೇಳಿ ನೋಡಿ.