ಮರ ಕೊಯ್ಯುವವನೂ ಗ್ರಾಹಕನೇ?

ಚನ್ನಗಿರಿಯಲ್ಲೋ ನ್ಯಾಮತಿಯಲ್ಲೋ ಒಬ್ಬಾತ ಸಾಲ ಮಾಡಿ, ಊರೂರಿಗೆ ಒಯ್ದು ಮರ ಕೊಯ್ಯುವ ಯಂತ್ರ ಕೊಂಡನೆನ್ನಿ. ಅದು ಪದೇ ಪದೇ ಕೆಟ್ಟಿತು. ಮಾರಿದವರು ರಿಪೇರಿಗೆ ಬರಲಿಲ್ಲ. ಆತ ಗ್ರಾಹಕನೇ, ವ್ಯಾಪಾರಿಯೇ?

1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವರನ್ನು ಹೊರಗಿಟ್ಟಿತ್ತು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡವನೂ ಗ್ರಾಹಕನೆಂದು 1993ರ ತಿದ್ದುಪಡಿ ಹೇಳಿತು. 1995ರಲ್ಲಿ ಯಂತ್ರ ಕೊಂಡಿದ್ದ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆದರೆ ತಾನೇ ಓಡಿಸಲು ಆಟೋ ಕೊಂಡವನು ಗ್ರಾಹಕನೆಂದು ಅದೇ ತೀರ್ಪು ಸ್ಪಷ್ಟಪಡಿಸಿತು.

ಇನ್ನುಳಿದದ್ದು ದೂರದ ಮಾತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗ, ಜಗಳೂರಿನವರಿಗೆ ಚಿತ್ರದುರ್ಗ ಜಿಲ್ಲಾ ಕೇಂದ್ರವಾಗಿತ್ತು. ಮಾರಿದವರು ಎಲ್ಲಿಯವರಾದರೂ ತನ್ನ ಜಿಲ್ಲೆಯ ಆಯೋಗಕ್ಕೇ ದೂರು ಕೊಡಲು 2019ರ ಕಾಯ್ದೆ ಅವಕಾಶ ನೀಡಿದೆ. ಗಡುವು ಎರಡು ವರ್ಷ. ರಸೀದಿ, ವಾರಂಟಿ ಚೀಟಿ ಜೋಪಾನವಾಗಿರಲಿ.