ಪ್ರೈವೇಟ್ ಲೇಬಲ್ ವ್ಯಾಪಾರ

ಒಬ್ಬರು ತಯಾರಿಸಿದ ಸರಕನ್ನು ಇನ್ನೊಬ್ಬರು ತಮ್ಮದೇ ಹೆಸರು, ಗುರುತು ಮತ್ತು ಪ್ಯಾಕಿಂಗ್‌ನಲ್ಲಿ ಮಾರುವ ವ್ಯಾಪಾರ ಪದ್ಧತಿ. ಸರಕು ಹೇಗಿರಬೇಕು, ಎಷ್ಟು ತೂಗಬೇಕು, ಯಾವ ಬೆಲೆಗೆ ಹೋಗಬೇಕು ಎಂಬುದನ್ನು ಹೆಸರಿನ ಒಡೆಯರು ತೀರ್ಮಾನಿಸುತ್ತಾರೆ. ಕಾರ್ಖಾನೆ, ಯಂತ್ರ, ಕೆಲಸಗಾರರು ಎಲ್ಲವೂ ತಯಾರಕರ ಕಡೆಯದು. ಮೊದಲು ದೊಡ್ಡ ಅಂಗಡಿ ಸರಪಳಿಗಳಿಗೆ ಮಾತ್ರ ಸಾಧ್ಯವಿದ್ದ ಈ ಪದ್ಧತಿ, ಆನ್‌ಲೈನ್ ಮಾರುಕಟ್ಟೆಗಳು ಬಂದ ಮೇಲೆ ಸಣ್ಣ ಬಂಡವಾಳದವರ ಕೈಗೂ ಎಟುಕಿದೆ.

ಇದಕ್ಕೆ ಹತ್ತಿರದ ಎರಡು ಪದ್ಧತಿಗಳು ಬೇರೆಯೇ ಆಗಿವೆ. ಒಂದೇ ಬಗೆಯ ಸಿದ್ಧ ಸರಕಿಗೆ ಹಲವು ವ್ಯಾಪಾರಿಗಳು ತಮ್ಮ ತಮ್ಮ ಲೇಬಲ್ ಅಂಟಿಸಿ ಮಾರಿದರೆ ಅದು ವೈಟ್ ಲೇಬಲ್. ಬೇರೆಯವರ ಬ್ರ್ಯಾಂಡನ್ನು ಅದೇ ಹೆಸರಿನಲ್ಲಿ ಕೊಂಡು ಮಾರಿದರೆ ಅದು ಮರುಮಾರಾಟ. ಪ್ರೈವೇಟ್ ಲೇಬಲ್‌ನಲ್ಲಿ ಸರಕಿನ ವಿವರವೂ ಹೆಸರೂ ಮಾರುವವರ ಸ್ವಂತದ್ದು. ಆ ಸ್ವಂತಿಕೆಯ ಜೊತೆಗೇ ಹೊಣೆಯೂ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೇರೆಯವರು ತಯಾರಿಸಿದ ಸರಕಿನ ಮೇಲೆ ತನ್ನ ಗುರುತು ಹಾಕಿಸುವವನೂ ತಯಾರಕನೇ. ದೋಷವುಳ್ಳ ಸರಕಿನಿಂದ ಗ್ರಾಹಕನಿಗೆ ಹಾನಿಯಾದರೆ ‘ಅದನ್ನು ಮಾಡಿದ್ದು ನಾನಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಈ ವ್ಯಾಪಾರದ ಪ್ರತಿ ಹಂತವನ್ನೂ ಈ ಹೊಣೆಯನ್ನು ಮುಂದಿಟ್ಟುಕೊಂಡೇ ನೋಡಬೇಕು.

ಇತಿಹಾಸ

ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಸಂಸ್ಥೆ 1928ರಲ್ಲಿ ‘ಸೇಂಟ್ ಮೈಕಲ್’ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿ, ಹೊರಗಿನ ಕಾರ್ಖಾನೆಗಳಲ್ಲಿ ತನ್ನ ಅಳತೆ-ಗುಣಮಟ್ಟಕ್ಕೆ ತಕ್ಕಂತೆ ಮಾಡಿಸಿದ ಬಟ್ಟೆಗಳನ್ನು ಆ ಹೆಸರಿನಲ್ಲಿ ಮಾರಿತು. ಅಮೆರಿಕದ ಸಿಯರ್ಸ್ ಸಂಸ್ಥೆಯ ‘ಕ್ರಾಫ್ಟ್ಸ್‌ಮನ್’ ಉಪಕರಣಗಳು 1927ರಿಂದ ಬಂದವು. ಅಮೆರಿಕದ ಮತ್ತೊಂದು ಅಂಗಡಿ ಸರಪಳಿ ಕಾಸ್ಟ್‌ಕೊ 1995ರಲ್ಲಿ ‘ಕರ್ಕ್‌ಲ್ಯಾಂಡ್ ಸಿಗ್ನೇಚರ್’ ಆರಂಭಿಸಿತು. ಅಂಗಡಿಯ ಸ್ವಂತ ಲೇಬಲ್ ಎಂದರೆ ಅಗ್ಗದ ಮಾಲು ಎಂಬ ಅಭಿಪ್ರಾಯವನ್ನು ಬದಲಿಸಿದ ಲೇಬಲ್‌ಗಳಲ್ಲಿ ಅದೂ ಒಂದು.

ಆನ್‌ಲೈನ್ ಹಂತಕ್ಕೆ ದಾರಿ ಮಾಡಿದ್ದು ಅಮೆಜಾನ್ 2006ರಲ್ಲಿ ತಂದ ಗೋದಾಮು ಸೇವೆ. ಸೆಲ್ಲರ್‌ಗಳು ತಮ್ಮ ಸ್ಟಾಕನ್ನು ಕಂಪನಿಯ ಗೋದಾಮಿಗೆ ಕಳಿಸಿದರೆ ಸಾಕು. ಪ್ಯಾಕ್ ಮಾಡುವುದು, ತಲುಪಿಸುವುದು, ರಿಟರ್ನ್ ಪಡೆಯುವುದು ಎಲ್ಲವೂ ಅಲ್ಲಿಂದಲೇ ನಡೆಯುತ್ತಿತ್ತು. ಸ್ವಂತ ಅಂಗಡಿ, ಸ್ವಂತ ಗೋದಾಮು ಇಲ್ಲದವರೂ ದೇಶದಾದ್ಯಂತ ಮಾರಬಹುದಾಯಿತು. 2009ರಲ್ಲಿ ‘ಅಮೆಜಾನ್ ಬೇಸಿಕ್ಸ್’ ಬಂದಾಗ ವೇದಿಕೆಯೇ ಲೇಬಲ್ ಒಡೆಯನೂ ಆಯಿತು.

ಭಾರತದಲ್ಲಿ ಈ ಕಥೆಯ ಬಹುಪಾಲು ನಡೆದದ್ದು ಬೆಂಗಳೂರಿನಲ್ಲಿ. ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಎರಡೂ 2007ರಲ್ಲಿ ಇಲ್ಲಿಯೇ ಹುಟ್ಟಿದವು. ಮಿಂತ್ರಾದ ‘ರೋಡ್‌ಸ್ಟರ್’ ಉಡುಪು 2012ರಲ್ಲಿ ಬಂತು. 2011ರಲ್ಲಿ ಆರಂಭವಾದ ಬಿಗ್‌ಬಾಸ್ಕೆಟ್ ‘ಫ್ರೆಶೊ’, ‘ಬಿಬಿ ರಾಯಲ್’ ಹೆಸರುಗಳಲ್ಲಿ ತರಕಾರಿ, ಬೇಳೆಕಾಳುಗಳನ್ನು ಮಾರಿತು. 2018ರ ಡಿಸೆಂಬರ್‌ನಲ್ಲಿ ಹೊರಟು 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ಕೇಂದ್ರದ ವಿದೇಶಿ ಹೂಡಿಕೆ ನಿಯಮಗಳು, ವಿದೇಶಿ ಬಂಡವಾಳದ ಮಾರುಕಟ್ಟೆ ವೇದಿಕೆ ತಾನೇ ಸ್ಟಾಕಿನ ಒಡೆತನ ಹೊಂದುವುದನ್ನು ತಡೆದವು. ವೇದಿಕೆಯ ಷೇರು ಪಾಲಿರುವ ಸಂಸ್ಥೆ ಅದೇ ವೇದಿಕೆಯಲ್ಲಿ ಮಾರುವುದಕ್ಕೂ ತಡೆ ಬಿತ್ತು.

ಸರಕಿನ ಆಯ್ಕೆ

ಲೇಬಲ್ ಗಟ್ಟಿಯಾಗಲು ಸರಕಿಗೆ ಮೂರು ಗುಣ ಬೇಕು: ಗ್ರಾಹಕ ಮತ್ತೆ ಮತ್ತೆ ಕೊಳ್ಳುವಂಥದ್ದಾಗಿರಬೇಕು, ಕೂರಿಯರ್‌ನಲ್ಲಿ ಒಡೆಯದೆ ಹೋಗಬೇಕು, ಈಗಿರುವ ಸರಕುಗಳಲ್ಲಿ ಇಲ್ಲದ ಏನಾದರೂ ಒಂದನ್ನು ಕೊಡಬೇಕು. ಈಗಾಗಲೇ ಮಾರಾಟದಲ್ಲಿರುವ ಸರಕುಗಳ ಬಗ್ಗೆ ಗ್ರಾಹಕರು ಬರೆದ ದೂರುಗಳು ಇದಕ್ಕೆ ಒಳ್ಳೆಯ ಆಕರ. ಮುಚ್ಚಳ ಸೋರುತ್ತದೆ, ತೊಳೆದರೆ ಬಣ್ಣ ಬಿಡುತ್ತದೆ, ಪುಡಿ ತೀರಾ ನುಣ್ಣಗಿದೆ ಎಂಬಂಥ ದೂರು ಪದೇ ಪದೇ ಕಂಡರೆ ಅದನ್ನು ಸರಿಪಡಿಸಿದ ಸರಕಿಗೆ ಜಾಗವಿದೆ ಎಂದರ್ಥ.

ಕೂರಿಯರ್ ಲೆಕ್ಕವನ್ನು ಈ ಹಂತದಲ್ಲೇ ಹಾಕಿಬಿಡಬೇಕು. ಸಾಗಣೆದಾರರು ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಹಣ ಪಡೆಯುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಕ್ರಮ. 30, 20, 15 ಸೆಂ.ಮೀ. ಅಳತೆಯ ಪೆಟ್ಟಿಗೆಯಲ್ಲಿ ಅರ್ಧ ಕಿಲೋ ಮಾಲಿದ್ದರೂ ಬಿಲ್ಲು ಬರುವುದು 1.8 ಕಿಲೋಗೆ.

ತಯಾರಕರೊಂದಿಗೆ ಒಪ್ಪಂದ: ಕಾಫಿಪುಡಿಯ ಉದಾಹರಣೆ

ದೇಶದ ಕಾಫಿಯ ಸುಮಾರು ಶೇ. 70 ಕರ್ನಾಟಕದಲ್ಲೇ ಬೆಳೆಯುತ್ತದೆ. ಹಾಸನ, ಚಿಕ್ಕಮಗಳೂರು, ಕೊಡಗಿನಲ್ಲಿ ಕ್ಯೂರಿಂಗ್ ವರ್ಕ್ಸ್‌ಗಳೂ ಹುರಿದು ಪುಡಿ ಮಾಡಿಕೊಡುವ ಘಟಕಗಳೂ ಇವೆ. ಸ್ವಂತ ಹೆಸರಿನ ಫಿಲ್ಟರ್ ಕಾಫಿ ಪುಡಿ ಮಾರಲು ಹೊರಟವರು ‘ಒಳ್ಳೆಯ ಕಾಫಿ ಕೊಡಿ’ ಎಂದರೆ ಸಾಲದು. ಬೀಜದ ಬಗೆಗಳಲ್ಲಿ ಪ್ಲಾಂಟೇಶನ್ ಎ ಎಷ್ಟು, ಪೀಬೆರಿ ಎಷ್ಟು, ರೋಬಸ್ಟಾ ಚೆರ್ರಿ ಎಷ್ಟು, ಹುರಿದ ಬಣ್ಣ ಎಷ್ಟು ಗಾಢ, ಪುಡಿ ಎಷ್ಟು ತರಿ, ಚಿಕೋರಿ ಎಷ್ಟು ಪಾಲು ಎಂಬುದೆಲ್ಲ ಬರಹದಲ್ಲಿರಬೇಕು. ಹುರಿಯುವಾಗ ಹಸಿರು ಬೀಜ ಸುಮಾರು ಶೇ. 15ರಿಂದ 20ರಷ್ಟು ತೂಕ ಕಳೆದುಕೊಳ್ಳುತ್ತದೆ. ಈ ನಷ್ಟ ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಜಗಳ ಖಚಿತ. ಆಹಾರ ಸುರಕ್ಷತಾ ನಿಯಮದಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪಾಲನ್ನೂ ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. ‘80:20’ ಎಂದು ಮುದ್ರಿಸಿದ ಮೇಲೆ ಪ್ರತಿ ಬ್ಯಾಚಿನಲ್ಲೂ ಅದು ಹಾಗೆಯೇ ಇರಬೇಕು.

ಹೊಸದಾಗಿ ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆದ್ದರಿಂದ ಒಳಗಿನ ಗಾಳಿ ಹೊರಹೋಗುವ, ಹೊರಗಿನದು ಒಳಬಾರದ ಕವಾಟವುಳ್ಳ ಪೌಚ್ ಬಳಸುತ್ತಾರೆ. ಸಾದಾ ಪೌಚಿಗಿಂತ ಇದು ದುಬಾರಿ. ಆದರೆ ಗೋದಾಮಿನಲ್ಲಿ ಉಬ್ಬಿ ಬಿರಿದ ಪೊಟ್ಟಣಗಳು ತರುವ ರಿಟರ್ನ್‌ಗಳ ವೆಚ್ಚ ಅದಕ್ಕಿಂತ ಹೆಚ್ಚು.

ಒಪ್ಪಂದದಲ್ಲಿ ಇನ್ನೂ ನಾಲ್ಕು ವಿಷಯಗಳು ಸ್ಪಷ್ಟವಿರಬೇಕು: ಕನಿಷ್ಠ ಆರ್ಡರ್ ಪ್ರಮಾಣ, ಮಾಲು ಕೈಸೇರುವ ಅವಧಿ, ಕೆಟ್ಟ ಬ್ಯಾಚ್ ಬಂದರೆ ಬದಲಿ ಕೊಡುವ ಷರತ್ತು, ಮಿಶ್ರಣದ ಸೂತ್ರ ಯಾರ ಸ್ವತ್ತು ಎಂಬುದು. ಕೊನೆಯದನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಸೂತ್ರ ತಯಾರಕರ ಬಳಿಯೇ ಉಳಿದರೆ ಅದೇ ಪುಡಿ ಮತ್ತೊಂದು ಹೆಸರಿನಲ್ಲಿ ಪೇಟೆಗೆ ಬರುವುದನ್ನು ತಡೆಯುವುದು ಕಷ್ಟ. ಒಪ್ಪಿದ ಸ್ಯಾಂಪಲ್‌ನ ಒಂದು ಮೊಹರು ಹಾಕಿದ ಪೊಟ್ಟಣ ಇಬ್ಬರ ಬಳಿಯೂ ಇರಬೇಕು. ಮುಂದಿನ ಪ್ರತಿ ಬ್ಯಾಚನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು, ಡಿಕಾಕ್ಷನ್ ಇಳಿಸಿ ರುಚಿ ಪರೀಕ್ಷಿಸಬೇಕು.

ಕಾನೂನು ಅಗತ್ಯಗಳು

ಹೆಸರು: 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಸರಕುಗಳನ್ನೂ ಸೇವೆಗಳನ್ನೂ 45 ವರ್ಗಗಳಲ್ಲಿ ವಿಂಗಡಿಸಲಾಗಿದೆ. ಕಾಫಿ, ಚಹಾ, ಮಸಾಲೆ 30ನೇ ವರ್ಗದಲ್ಲೂ ಸಾಬೂನು, ಸೌಂದರ್ಯವರ್ಧಕಗಳು 3ನೇ ವರ್ಗದಲ್ಲೂ ಬರುತ್ತವೆ. ಅರ್ಜಿ ಟ್ರೇಡ್‌ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ 4 ತಿಂಗಳ ಅವಕಾಶವಿರುತ್ತದೆ. ನೋಂದಣಿಯಾಗದ ಹೆಸರನ್ನು ನೋಂದಣಿಯಾಗಿದೆ ಎಂದು ಬಿಂಬಿಸುವುದು ಕಾನೂನುಬಾಹಿರ. ಸಾವಿರಾರು ಪೌಚ್ ಅಚ್ಚು ಹಾಕಿಸುವ ಮೊದಲೇ ಹೆಸರು ಖಾಲಿ ಇದೆಯೇ ಎಂದು ಹುಡುಕುವುದು ಜಾಣತನ.

ಪೊಟ್ಟಣ: 2011ರ ಪ್ಯಾಕ್ ಮಾಡಿದ ಸರಕುಗಳ ಕಾನೂನುಬದ್ಧ ಮಾಪನ ನಿಯಮಗಳಂತೆ ತಯಾರಕರ ಅಥವಾ ಪ್ಯಾಕ್ ಮಾಡಿದವರ ಹೆಸರು-ವಿಳಾಸ, ಸರಕಿನ ಸಾಮಾನ್ಯ ಹೆಸರು, ನಿವ್ವಳ ತೂಕ, ತಯಾರಿಕೆಯ ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಸಲ್ಲಿಸುವ ಸಂಪರ್ಕ ಇವು ಕಡ್ಡಾಯ. 2018ರ ಜನವರಿ 1ರಿಂದ ಇವುಗಳಲ್ಲಿ ಬಹುಪಾಲನ್ನು ಆನ್‌ಲೈನ್ ಪುಟದಲ್ಲೂ ತೋರಿಸಬೇಕು. ಆಹಾರವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಸಂಖ್ಯೆ ಬೇಕು. ಬೇರೆಯವರ ಘಟಕದಲ್ಲಿ ತಯಾರಾಗಿದ್ದರೂ ಬ್ರ್ಯಾಂಡ್ ಒಡೆಯರ ಹೆಸರು, ಪೂರ್ತಿ ವಿಳಾಸ ಪೊಟ್ಟಣದ ಮೇಲಿರಬೇಕು.

ತೆರಿಗೆ: ವೇದಿಕೆಗಳ ಮೂಲಕ ಹೊರರಾಜ್ಯಕ್ಕೆ ಸರಕು ಮಾರುವವರಿಗೆ ವಹಿವಾಟು ಎಷ್ಟೇ ಇರಲಿ, ಜಿಎಸ್‌ಟಿ ನೋಂದಣಿ ಬೇಕು. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ರಿಯಾಯಿತಿ ಸಿಕ್ಕಿದೆ. 2024ರ ಜುಲೈನಲ್ಲಿ ಇಳಿಸಿದ ದರದಂತೆ ವೇದಿಕೆ ಶೇ. 0.5ರಷ್ಟು ಜಿಎಸ್‌ಟಿಯನ್ನು ಮುಂಗಡವಾಗಿ ಹಿಡಿದುಕೊಳ್ಳುತ್ತದೆ. ಇದನ್ನು ನಂತರ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಅಷ್ಟು ಹಣ ಕೈಯಲ್ಲಿರುವುದಿಲ್ಲ.

ಬಾರ್‌ಕೋಡ್: ಜಿಎಸ್1 ಇಂಡಿಯಾ ಕೊಡುವ 13 ಅಂಕಿಗಳ ಸಂಖ್ಯೆ 890ರಿಂದ ಆರಂಭವಾಗುತ್ತದೆ. ಇದು ಆಯಾ ಸಂಸ್ಥೆಯ ಹೆಸರಿನಲ್ಲೇ ದಾಖಲಾಗುವುದರಿಂದ ಅಗ್ಗಕ್ಕೆ ಸಿಗುವ ಬೇರೆಯವರ ಕೋಡ್‌ಗಳನ್ನು ಕೊಳ್ಳಬಾರದು.

ಲಾಭದ ಲೆಕ್ಕ

ತೆರಿಗೆ ಬಿಟ್ಟು 300 ರೂಪಾಯಿಗೆ ಮಾರುವ 250 ಗ್ರಾಂ ಕಾಫಿಪುಡಿ ಪೊಟ್ಟಣ ಎಂದುಕೊಳ್ಳೋಣ. ಬೀಜ, ಚಿಕೋರಿ, ಹುರಿದು ಪುಡಿ ಮಾಡುವ ಕೂಲಿ ಸೇರಿ 110, ಪೌಚು-ಪೆಟ್ಟಿಗೆ 15, ವೇದಿಕೆಯ ಕಮಿಷನ್ ಮತ್ತು ಶುಲ್ಕ 45, ಸಾಗಣೆ 60, ಜಾಹೀರಾತು 45, ರಿಟರ್ನ್ ಮತ್ತು ಹಾಳಾದ ಮಾಲಿಗೆ 10 ಎಂದಿಟ್ಟರೆ ಉಳಿಯುವುದು 15 ರೂಪಾಯಿ. ಅದೇ ಗ್ರಾಹಕ ಎರಡು ಪೊಟ್ಟಣ ಒಟ್ಟಿಗೆ ಕೊಂಡರೆ ಜಾಹೀರಾತು ಅಷ್ಟೇ ಇದ್ದು, ಸಾಗಣೆ 75ಕ್ಕೆ ಮುಗಿದರೆ, 600ರಲ್ಲಿ 120 ಉಳಿಯುತ್ತದೆ. ಮುಂದಿನ ತಿಂಗಳು ಅವನೇ ಹುಡುಕಿಕೊಂಡು ಬಂದರೆ ಜಾಹೀರಾತಿನ 45ನ್ನೂ ಸೇರಿಸಿ ಉಳಿತಾಯ 165. ಈ ಅಂಕಿಗಳು ಊಹೆಯ ಉದಾಹರಣೆಯಾದರೂ ಲೆಕ್ಕದ ರೀತಿ ನಿಜವಾದದ್ದೇ. ಮೊದಲ ಮಾರಾಟ ಗ್ರಾಹಕನನ್ನು ತರುತ್ತದೆ, ಹೊಟ್ಟೆ ತುಂಬಿಸುವುದು ಎರಡನೆಯ ಮಾರಾಟ. ಆ ಎರಡನೆಯದನ್ನು ತರುವುದು ಜಾಹೀರಾತಲ್ಲ, ಮೊದಲ ಪೊಟ್ಟಣದ ಒಳಗಿನ ಪುಡಿ.

ಕ್ಯಾಶ್ ಆನ್ ಡೆಲಿವರಿಯ ಆರ್ಡರ್‌ಗಳು ಬಾಗಿಲಿನಿಂದಲೇ ವಾಪಸಾದಾಗ ಹೋಗುವ-ಬರುವ ಸಾಗಣೆಯ ನಷ್ಟ ಸೆಲ್ಲರ್ ತಲೆಗೆ ಬೀಳಬಹುದು. ಸ್ಟಾಕ್ ವಿಚಾರದಲ್ಲೂ ಎಚ್ಚರ ಬೇಕು. ದಿನಕ್ಕೆ 20 ಪೊಟ್ಟಣ ಹೋಗುತ್ತಿದ್ದು, ಹೊಸ ಮಾಲು ಬರಲು 25 ದಿನ ಹಿಡಿದರೆ 500 ಪೊಟ್ಟಣ ಅಷ್ಟಕ್ಕೇ ಬೇಕು. ಅದರ ಮೇಲೆ ಸ್ವಲ್ಪ ಮೀಸಲು ಉಳಿದಿರುವಾಗಲೇ ಮುಂದಿನ ಆರ್ಡರ್ ಕೊಡಬೇಕು. ಕಾಫಿಯಂಥ ಬೆಳೆ ವರ್ಷಕ್ಕೊಮ್ಮೆ ಕೊಯ್ಲಾಗುವುದರಿಂದ ಬೀಜದ ದರವನ್ನೂ ಹಂಗಾಮಿನಲ್ಲೇ ಮಾತಾಡಿಕೊಳ್ಳಬೇಕು.

ಬೆಳವಣಿಗೆ

ಒಂದು ಸರಕು ಕಾಲೂರಿದ ಮೇಲೆ ಅದೇ ಗ್ರಾಹಕನಿಗೆ ಬೇಕಾದ ಎರಡನೆಯದನ್ನು ಸೇರಿಸುವುದು ಸುರಕ್ಷಿತ ದಾರಿ. ಕಾಫಿಪುಡಿಯ ಜೊತೆಗೆ ಹಿತ್ತಾಳೆ ಫಿಲ್ಟರ್ ಅಥವಾ ಚಿಕೋರಿ ಇಲ್ಲದ ಪುಡಿ ಹೊಂದುತ್ತದೆ. ಮೊಬೈಲ್ ಕವರ್ ಹೊಂದುವುದಿಲ್ಲ. ಒಂದೇ ವೇದಿಕೆಯನ್ನು ನೆಚ್ಚಿಕೊಂಡವರು ಅಲ್ಲಿನ ಶುಲ್ಕ ಅಥವಾ ನಿಯಮ ಬದಲಾದ ದಿನ ತತ್ತರಿಸುತ್ತಾರೆ. ಆದ್ದರಿಂದ ಸ್ವಂತ ವೆಬ್‌ಸೈಟ್, ಬಡಾವಣೆಯ ಅಂಗಡಿಗಳು ಮತ್ತು 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಪ್ರಯೋಗ ಆರಂಭಿಸಿದ ಮುಕ್ತ ಡಿಜಿಟಲ್ ವಾಣಿಜ್ಯ ಜಾಲ ಒಎನ್‌ಡಿಸಿ ಇವುಗಳ ಕಡೆಗೂ ಹರಡಿಕೊಳ್ಳುವುದು ಒಳ್ಳೆಯದು. ಹೊರದೇಶದ ಕನ್ನಡಿಗರಿಗೆ ಮಾರಲು ಆಮದು-ರಫ್ತು ಕೋಡ್ ಬೇಕು. ಅಮೆರಿಕಕ್ಕೆ ಆಹಾರ ಕಳಿಸುವುದಾದರೆ ತಯಾರಿಕಾ ಘಟಕ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದಲ್ಲಿ (ಎಫ್‌ಡಿಎ) ನೋಂದಣಿಯಾಗಿರಬೇಕು, ಮಾಲು ತಲುಪುವ ಮೊದಲು ಸೂಚನೆ ಸಲ್ಲಿಸಬೇಕು.

ಬೆಳೆದ ಲೇಬಲ್‌ಗಳನ್ನು ಕೊಳ್ಳುವ ಕಂಪನಿಗಳೂ ಬಂದಿವೆ. ಅಮೆರಿಕದ ಥ್ರಾಸಿಯೊ 2018ರಲ್ಲಿ ಆರಂಭವಾಗಿ ಅಮೆಜಾನ್ ಸೆಲ್ಲರ್‌ಗಳ ಬ್ರ್ಯಾಂಡ್‌ಗಳನ್ನು ಸಾಲುಸಾಲಾಗಿ ಕೊಂಡಿತು. 2024ರ ಫೆಬ್ರುವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು. ಬೆಂಗಳೂರಿನ ಮೆನ್ಸಾ ಬ್ರ್ಯಾಂಡ್ಸ್ 2021ರಲ್ಲಿ ಇದೇ ಹಾದಿಯಲ್ಲಿ ಹೊರಟ ಕಂಪನಿ.

ವಿವಾದಗಳು

ವೇದಿಕೆಯೇ ಸ್ವಂತ ಲೇಬಲ್ ಮಾರಿದಾಗ ಅದು ಸಣ್ಣ ಸೆಲ್ಲರ್‌ಗಳ ಮಾರಾಟದ ಮಾಹಿತಿ ಬಳಸುತ್ತದೆಯೇ ಎಂಬುದು ಮುಖ್ಯ ಆಕ್ಷೇಪ. ಅಮೆಜಾನ್ ಸೆಲ್ಲರ್‌ಗಳ ಖಾಸಗಿ ಮಾಹಿತಿಯನ್ನು ತನ್ನ ಚಿಲ್ಲರೆ ವ್ಯಾಪಾರಕ್ಕೆ ಬಳಸುವುದಿಲ್ಲ ಎಂಬ ಬದ್ಧತೆಯನ್ನು ಐರೋಪ್ಯ ಆಯೋಗ 2022ರ ಡಿಸೆಂಬರ್‌ನಲ್ಲಿ ಪಡೆದುಕೊಂಡಿತು. ಭಾರತದ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗಳ ವ್ಯವಹಾರ ಕ್ರಮದ ಬಗ್ಗೆ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಕೊಂಡು ಬರೆಸಿದ ಹೊಗಳಿಕೆಗಳು ಇನ್ನೊಂದು ಪಿಡುಗು. ಆನ್‌ಲೈನ್ ವಿಮರ್ಶೆಗಳಿಗೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಮಾನಕವನ್ನು ಹೊರತಂದಿದೆ.

ಊರಿನ ಹೆಸರನ್ನು ಲೇಬಲ್‌ಗೆ ಬಳಸುವ ಪ್ರಶ್ನೆ ಕರ್ನಾಟಕಕ್ಕೆ ಹೆಚ್ಚು ಹತ್ತಿರದ್ದು. ಚನ್ನಪಟ್ಟಣದ ಗೊಂಬೆ, ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ, 2019ರಲ್ಲಿ ಮನ್ನಣೆ ಪಡೆದ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಬೇರೆ ಕಡೆಯ ಮಾಲಿಗೆ ಈ ಹೆಸರು ಹಚ್ಚುವುದು ಕಾನೂನುಬಾಹಿರ. ಅದಕ್ಕಿಂತ ಹೆಚ್ಚಾಗಿ, ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕುಶಲಕರ್ಮಿಯ ಅನ್ನಕ್ಕೆ ಕೈ ಹಾಕಿದಂತೆ. ಅದೇ ಕುಶಲಕರ್ಮಿಗಳಿಂದ ನ್ಯಾಯವಾದ ದರಕ್ಕೆ ಮಾಡಿಸಿ, ಅವರ ಊರನ್ನು ಸತ್ಯವಾಗಿ ನಮೂದಿಸಿ ಮಾರುವ ಲೇಬಲ್ ಮೂರು ಕಡೆಯವರಿಗೂ ಒಳಿತು ಮಾಡುತ್ತದೆ: ಮಾಡಿದವರಿಗೆ ವರ್ಷವಿಡೀ ಕೆಲಸ, ಮಾರುವವರಿಗೆ ಬೇರಾರೂ ನಕಲು ಮಾಡಲಾಗದ ಸರಕು, ಕೊಂಡವರಿಗೆ ತಾವು ಕೊಟ್ಟ ಹಣಕ್ಕೆ ತಕ್ಕ ಅಸಲಿ ಮಾಲು.